ಮರ ಕಡಿಯುವ ಹಕ್ಕು

ಕಲ್ಲು ಕೊಯ್ಯುವ ಮೆಷಿನ್ನಿಗೆ ಡೀಸೆಲ್ ಹಾಕುತ್ತಿದ್ದಾಗ ದೊಡ್ಡಮನೆ ಕಡೆಯಿಂದ ಗರ್ನಾಲಿನ, ಆ ದೊಡ್ಡ ಸಿಡಿಮದ್ದಿನ, ಸದ್ದು ಕೇಳಿತು. ಒಂದು ಹೊಡೆದರು, ಸ್ವಲ್ಪ ಬಿಟ್ಟು ಇನ್ನೊಂದು, ಮತ್ತೆ ಸ್ವಲ್ಪ ಬಿಟ್ಟು ಇನ್ನೊಂದು. ಹಬ್ಬದ ಗರ್ನಾಲಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಹಿರಿಯ ಒಡೆಯರು ತೀರಿಕೊಂಡರು ಎಂದು ಕೋರೆಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ನನ್ನ ಜೊತೆ ಕೆಲಸ ಮಾಡುವವರು ನನ್ನ ಮುಖ ನೋಡಿದರು. ನಾನು ಮೆಷಿನ್ ಚಾಲೂ ಮಾಡಿದೆ.

ಅವರು ನನ್ನ ಮುಖ ನೋಡಿದ್ದಕ್ಕೆ ಕಾರಣ ಇದೆ. ನಮ್ಮದು ಆ ದೊಡ್ಡಮನೆಯ ಮೂಲದ ಆಳುಗಳ ಕುಟುಂಬ. ಮೂಲದ ಆಳು ಎಂದರೆ ಜಾಗದ ಜೊತೆಗೇ ಲೆಕ್ಕಕ್ಕೆ ಬರುತ್ತಿದ್ದ ಜನ. ತೆಂಗಿನ ಮರ, ಕೋಣ, ಆಮೇಲೆ ನಾವು. ದೊಡ್ಡಮನೆಯಲ್ಲಿ ಹಿರಿಯರು ಸತ್ತು ಗರ್ನಾಲು ಹೊಡೆದರೆ ನಮ್ಮ ಜನ ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಕೊಡಲಿ ಹಿಡಿದು ಹೋಗಬೇಕು. ಕರೆಯಲಿಕ್ಕೆ ಯಾರೂ ಬರುವುದಿಲ್ಲ, ಕರೆಯದೆ ಹೋಗುವುದೇ ಕ್ರಮ. ದೊಡ್ಡಮನೆಯ ಹಿಂದಿನ ಕಾಡು, ಆ ಹಾಡಿಯಲ್ಲಿ ಚಿತೆಗೆಂದು ಗುರುತು ಮಾಡಿದ ಮಾವಿನ ಮರಕ್ಕೆ ನಮ್ಮ ಮನೆಯ ಹಿರಿಯ ಮಗ ಮೊದಲ ಪೆಟ್ಟು ಹಾಕಬೇಕು. ಕಡಿದು, ಹೊತ್ತು, ಚಿತೆ ಒಟ್ಟಿ, ಹೆಣ ಪೂರ್ತಿ ಸುಡುವವರೆಗೆ ಕಾದು, ಆಮೇಲೆ ಅಂಗಳದ ಆಚೆ ತೆಂಗಿನ ಬುಡದಲ್ಲಿ ಕೂತು ಉಣ್ಣಬೇಕು. ಕೂಲಿ ಎಂಬುದು ಇಲ್ಲ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ಇದೇ ಮರದ ದೆಸೆಯಿಂದ. ಆಗ ದೊಡ್ಡಮನೆಯ ಅಜ್ಜಿಯೊಬ್ಬರು ಸತ್ತಿದ್ದರು. ನನ್ನ ಅಪ್ಪ ಬೈಂದೂರಿಗೆ ಹೋಗಿದ್ದವನಿಗೆ ಗರ್ನಾಲು ಕೇಳಲಿಲ್ಲ. ಹೊತ್ತು ಮುಳುಗುವಾಗ ಬಂದವನನ್ನು ಅಂಗಳದ ತೆಂಗಿನ ಮರಕ್ಕೆ ಕಟ್ಟಿ ಹಸಿ ಬೆತ್ತದಲ್ಲಿ ಹೊಡೆದರು. ಬೆನ್ನಿನ ಚರ್ಮ ಅಂಗಿಗೆ ಅಂಟಿಕೊಂಡು ಬಂದದ್ದನ್ನು ನಾನು ನೋಡಿದ್ದೇನೆ. ಅವನನ್ನು ಹೆಗಲ ಮೇಲೆ ಹೊತ್ತು ತಂದವನು ನನ್ನ ಅಣ್ಣ. ಅಪ್ಪ ಏಳುವವರೆಗೆ ದೊಡ್ಡಮನೆಯ ಕೋಣ ಮೇಯಿಸಲಿಕ್ಕೆ ನನ್ನನ್ನು ಕಳಿಸಿದರು. ಅಪ್ಪ ಎದ್ದ, ನಾನು ಮತ್ತೆ ಶಾಲೆಗೆ ಹೋಗಲಿಲ್ಲ.

ಆ ಹೊಡೆತದಿಂದ ನಾನು ಕಲಿತದ್ದೇ ಬೇರೆ, ಅಣ್ಣ ಕಲಿತದ್ದೇ ಬೇರೆ. "ಅಪ್ಪ ಹೋಪ್ದ್ ಬಿಟ್ಟದ್ದ್ ತಪ್ಪ್," ಎಂದು ಅವನು ಯಾವಾಗಲೂ ಹೇಳುತ್ತಿದ್ದ. ಅಪ್ಪ ಸತ್ತ ಮೇಲೆ ಮೊದಲ ಪೆಟ್ಟು ಹಾಕುವ ಪಾಲು ಅವನಿಗೆ ಬಂತು. ನಾನು ಮುಂಬಯಿಗೆ ಓಡಿದೆ. ಹೋಟೆಲಿನಲ್ಲಿ ಲೋಟ ತೊಳೆದೆ, ದೋಸೆ ಹೊಯ್ದೆ, ಊರಿಗೆ ಬಂದು ಪಿಕಾಸಿಯಲ್ಲಿ ಮನೆ ಕಟ್ಟುವ ಕೆಂಪು ಮುರಕಲ್ಲು ಕಡಿದೆ, ಈಗ ಹಾಲಾಡಿಯಿಂದ ಒಳಗೆ ಬರುವ ರಸ್ತೆಯಲ್ಲಿ ನನ್ನದೇ ಕೋರೆ, ನನ್ನದೇ ಮೆಷಿನ್. ಬ್ರಹ್ಮಾವರದವರೆಗೂ ನನ್ನ ಕಲ್ಲು ಹೋಗುತ್ತದೆ. ಮೂಲೆ ಮುರಿದ ಕಲ್ಲನ್ನು ಒಂದು ಲೋಡಿನಲ್ಲೂ ನಾನು ಹಾಕಿದವನಲ್ಲ. ಈ ಮಾತನ್ನು ಹೇಳಿಕೊಳ್ಳಲಿಕ್ಕೆ ನನಗೆ ನಾಚಿಕೆ ಇಲ್ಲ.

ಒಡೆಯರು ಹಾಸಿಗೆ ಹಿಡಿದಾಗಲೇ ನಮ್ಮ ಜನ ಒಂದು ಕಡೆ ಕೂತು ಮಾತಾಡಿದ್ದೆವು. ಸರ್ಕಾರ ಇದನ್ನೆಲ್ಲ ನಿಲ್ಲಿಸಿ ಎಷ್ಟೋ ಕಾಲವಾಯಿತು, ಇನ್ನು ಗರ್ನಾಲು ಹೊಡೆದರೆ ಒಬ್ಬನೂ ಹೋಗಬಾರದು ಎಂದು ನಮ್ಮಲ್ಲಿ ಹೆಚ್ಚಿನ ಮನೆಯವರು ಒಪ್ಪಿದರು. ಅಣ್ಣ ಮತ್ತು ಅವನ ಜೊತೆಯ ಎರಡು ಮನೆಯವರು ಒಪ್ಪಲಿಲ್ಲ, ಎದ್ದು ಹೋದರು. ಅವನ ಬೆನ್ನು ನೋಡುತ್ತ ನಾನು ಎಲ್ಲರ ಎದುರು ಹೇಳಿದೆ: ನಮಗೂ ದೊಡ್ಡಮನೆಗೂ ನಡುವಿನ ಹಳ್ಳ, ಆ ತೋಡಿನ ಸಂಕ ದಾಟಿ ಕೊಡಲಿ ಹಿಡಿದು ಹೋದವನು ಅಣ್ಣನಾದರೂ ಅವತ್ತಿನಿಂದ ನನಗೆ ಅಣ್ಣ ಅಲ್ಲ, ಅವನ ಕಾಲು ಮುರಿಯುತ್ತೇನೆ.

ಅದಾಗಿ ಕೆಲವು ದಿನಕ್ಕೆ ಒಬ್ಬ ರಿಟೈರಾದ ಮಾಸ್ತರರು ಮನೆ ಕಟ್ಟಲಿಕ್ಕೆ ಕಲ್ಲು ನೋಡಲು ಬಂದಿದ್ದರು. ನಮ್ಮ ಗಲಾಟೆಯ ಸುದ್ದಿ ಅವರಿಗೂ ತಲುಪಿತ್ತು. ಕಲ್ಲಿನ ರಾಶಿಯ ಮೇಲೆ ಕೂತು ಅಮೆರಿಕದ ಕಥೆ ಹೇಳಿದರು. ಅಲ್ಲಿ ಕರಿಯ ಜನರನ್ನು ಹೊಲದ ಕೆಲಸಕ್ಕೆ ದನದ ಹಾಗೆ ಮಾರುತ್ತಿದ್ದರಂತೆ. ಅದು ಇರಬೇಕು ಎಂದು ಅರ್ಧ ದೇಶ, ಬೇಡ ಎಂದು ಅರ್ಧ ದೇಶ. ಒಂದೇ ದೇಶದವರು ವರ್ಷಗಟ್ಟಲೆ ಗುಂಡು ಹೊಡೆದುಕೊಂಡರಂತೆ. ಒಂದೇ ಮನೆಯ ಅಣ್ಣ ಆ ಕಡೆ, ತಮ್ಮ ಈ ಕಡೆ.

ನಾನು ಕೇಳಿದೆ, "ಆ ಗುಲಾಮರಲ್ಲಿ ಯಜಮಾನನ ಕಡೆಗೆ ನಿಂತವರೂ ಇದ್ರಾ ಮಾಸ್ಟ್ರೇ?"

ಅವರು ಹೇಳಿದರು, "ಯುದ್ಧಕ್ಕೆ ಯಜಮಾನ ಕರ್ಕೊಂಡು ಹೋದವರಿದ್ರು. ಅಡುಗೆ ಮಾಡಿಕೊಟ್ಟವರು, ಯಜಮಾನ ಸತ್ತಾಗ ಹೆಣ ಮನೆಗೆ ತಂದವರು. ಅದರಲ್ಲಿ ಎಷ್ಟು ಮಂದಿ ಮನಸ್ಸಿದ್ದು ಮಾಡಿದ್ರು, ಎಷ್ಟು ಮಂದಿ ಬೇರೆ ದಾರಿ ಇಲ್ಲದೆ ಮಾಡಿದ್ರು, ಅದು ಯಾರಿಗೆ ಗೊತ್ತು?"

"ಗೆದ್ದ ಮೇಲೆ ಆ ಜನಕ್ಕೆ ಎಂತ ಸಿಕ್ತು?"

"ಬಿಡುಗಡೆ ಸಿಕ್ತು. ಭೂಮಿ ಸಿಗ್ಲಿಲ್ಲ. ಹೆಚ್ಚಿನವರು ಹಳೇ ಯಜಮಾನನ ಹೊಲಕ್ಕೇ ವಾಪಸು ಹೋಗಬೇಕಾಯ್ತು."

ಇದು ನನ್ನ ತಲೆಯಲ್ಲಿ ಕೂತಿತ್ತು.

ಗರ್ನಾಲು ಕೇಳಿದ ದಿನ ಮೆಷಿನ್ ಚಾಲೂ ಮಾಡಿದೆನೇ ಹೊರತು ಕೈ ಓಡಲಿಲ್ಲ. ಬೈಕ್ ಹತ್ತಿ ಮನೆಗೆ ಬಂದೆ. ಅಣ್ಣನ ಮನೆ, ನನ್ನ ಮನೆ ಎರಡಕ್ಕೂ ಒಂದೇ ಅಂಗಳ. ಅವನು ಬಟ್ಟೆ ಒಗೆಯುವ ಕಲ್ಲಿಗೆ ನೀರು ಚಿಮುಕಿಸಿ ಕೊಡಲಿ ಮಸೆಯುತ್ತಿದ್ದ. ಒಗೆದ ಬಿಳಿ ಪಂಚೆ ಉಟ್ಟಿದ್ದ, ತಲೆಗೆ ಎಣ್ಣೆ ಹಾಕಿದ್ದ.

"ಎಲ್ಲಿಗ್ ಹೊರ್ಟದ್ ಅಣ್ಣಾ?"

"ಗೊತ್ತಿದ್ದೂ ಕೇಂತೆ ಅಲ್ದಾ. ಗರ್ನಾಲ್ ಕೇಣ್ಲಿಲ್ಯಾ ನಿಂಗೆ?"

"ಕೇಂಡಿತ್. ಅವ್ರ್ ಮಕ್ಕಳ್ ಇದ್ರಲೆ, ಸುಡ್ಲಿ."

"ಮರ ಯಾರ್ ಕಡೂದ್?"

"ಮಕ್ಕಳಿಗೆ ಕೈ ಇಲ್ಯಾ?"

ಅವನು ಕೊಡಲಿಯ ಬಾಯಿಯನ್ನು ಹೆಬ್ಬೆರಳಲ್ಲಿ ನೋಡಿಕೊಂಡ. "ಕಾಣ್ ತಮ್ಮಾ, ನಾ ಮೊದ್ಲ್ ಪೆಟ್ಟ್ ಹಾಕ್ದೆ ಆ ಮರ ಯಾರೂ ಮುಟ್ಟುಕಿಲ್ಲೆ. ಅಷ್ಟ್ ದೊಡ್ಡ ಒಡೇರ್, ನಾ ಹೋಪಲ್ಲಿವರಿಗೆ ಅಂಗಳದಗೆ ಮಲ್ಗಿರ್ಕ್. ಈ ಊರಂಗೆ ಇನ್ಯಾರಿಗ್ ಇತ್ತ್ ಆ ಹಕ್ಕ್? ನಿನ್ನ ಕಲ್ಲಿಗ್ ಇತ್ತಾ?"

"ಅದ್ ಹಕ್ಕಲ್ಲ. ಬಿಟ್ಟಿ ಚಾಕ್ರಿ."

"ಮುಂಬಯಿಯಂಗೆ ಲೋಟ ತೊಳ್ದದ್ದ್ ಎಂತ, ಪೂಜೆಯಾ?"

"ಅದಕ್ಕ್ ಸಂಬ್ಳ ಕೊಟ್ಟಿರ್."

"ಸಂಬ್ಳ ಕೊಟ್ಟವ ಸತ್ರೆ ನಿನ್ನ ಕಾಯ್ತ್ರಾ?"

ನನ್ನ ಮನೆಯ ಒಳಗಿನಿಂದ ಅಮ್ಮ ಹೇಳಿದಳು, "ಗಂಜಿ ಆಯಿತ್ತ್. ಇಬ್ರೂ ಉಂಡ್ಕಂಡ್ ಹೊಡ್ಕಣಿ."

ಯಾರೂ ಉಣ್ಣಲಿಲ್ಲ. ನಾನು ಅವನಿಗಿಂತ ಮೊದಲು ಹೊರಟು ಸಂಕದ ಹತ್ತಿರ ಹೋದೆ. ನಮ್ಮ ಕಡೆಯವರು ಆಗಲೇ ಬಂದು ನಿಂತಿದ್ದರು, ಕೈಯಲ್ಲಿ ದೊಣ್ಣೆ, ಒಬ್ಬಿಬ್ಬರ ಸೊಂಟದಲ್ಲಿ ಕತ್ತಿ. ಆ ಸಂಕ ಎರಡು ತೆಂಗಿನ ಮರ ಅಡ್ಡ ಹಾಕಿ ಹಲಗೆ ಹೊಡೆದದ್ದು, ಒಬ್ಬರು ನಡೆಯುವಷ್ಟೇ ಅಗಲ. ಅದರ ಆಚೆ ದೊಡ್ಡಮನೆಯ ಬೈಲು ಗದ್ದೆ. ಆಚೆ ದಡದಲ್ಲಿ ದೊಡ್ಡಮನೆಯ ಗಂಡಸರು ಸಾವಿನ ಮನೆಯ ಬಿಳಿ ಪಂಚೆಯಲ್ಲಿ ನಿಂತಿದ್ದರು. ಸತ್ತವರ ಎರಡನೇ ಮಗನೂ ಇದ್ದ, ಉಡುಪಿ ಕಡೆ ಹೋಟೆಲು ಇಟ್ಟುಕೊಂಡವನು. ಅವನು ಒಂದು ಬೈಕಿನ ಮೇಲೆ ಅಡ್ಡಡ್ಡ ಕೂತಿದ್ದ.

ಅಣ್ಣ ಬಂದ. ಹಿಂದೆ ಅವನ ಕಡೆಯವರು.

"ದಾರಿ ಬಿಡ್."

"ಹೋಯ್ಬೇಡ ಅಣ್ಣಾ. ಎಲ್ಲರ ಎದ್ರಿಗೆ ಹೇಳಿದ್ದೆ ನಾನ್."

"ನೀ ಹೇಳಿದ್ದ್ ನಂಗೆಂತಕೆ? ನಾ ಹುಟ್ಟಿದ್ದ್ ನಿಂಗಿಂತ ಮೊದ್ಲ್."

ನನ್ನ ಕಡೆಯವನೊಬ್ಬ ಹಿಂದಿನಿಂದ ಕೂಗಿದ, "ಹ್ವಾಯ್, ಉಂಬುಕೆ ಎಲೆ ತೆಂಗಿನ ಬುಡದಂಗೇ ಹಾಕ್ತ್ರಾ ಕೇಣಿ."

ಅಣ್ಣನ ಕಡೆಯವನ ದೊಣ್ಣೆ ಅವನ ಬಾಯಿಗೆ ಬಿತ್ತು. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಆಮೇಲೆ ಯಾರು ಯಾರಿಗೆ ಹೊಡೆದರು ಎಂದು ಲೆಕ್ಕ ಇಡುವ ಹಾಗಿರಲಿಲ್ಲ. ನನ್ನ ಹೆಂಡತಿ ಕಡೆಯ ಭಾವನ ತೊಡೆಗೆ ಕತ್ತಿ ಬಿತ್ತು, ಮಾಂಸ ಬಾಯಿ ಬಿಟ್ಟ ಹಾಗೆ ತೆರೆದುಕೊಂಡಿತು, ಅವನು ಅದನ್ನು ಎರಡು ಕೈಯಲ್ಲೂ ಮುಚ್ಚಿ ಹಿಡಿದು ಕೂತುಬಿಟ್ಟ. ಅಣ್ಣನ ಜೊತೆಗೆ ಬಂದ ಮುದುಕನೊಬ್ಬನನ್ನು ನಮ್ಮವರು ಕೂದಲು ಹಿಡಿದು ಎಳೆದು ಕೆಸರಿನಲ್ಲಿ ಮುಖ ಒತ್ತಿ ತುಳಿದರು. ಅವನು ಸಣ್ಣಂದಿನಲ್ಲಿ ನನಗೆ ಈಜು ಕಲಿಸಿದ ಮನುಷ್ಯ. ಬಿಡಿ ಎಂದು ನಾನು ಹೇಳಲಿಲ್ಲ, ನನ್ನ ಕಣ್ಣು ಅಣ್ಣನ ಕೊಡಲಿಯ ಮೇಲೆ ಇತ್ತು.

ಅವನು ಸಂಕದ ಮೇಲೆ ಕಾಲಿಟ್ಟ. ನಾನು ಕೊಡಲಿಯ ಕಾವು ಹಿಡಿದು ಎಳೆದೆ. ಅವನು ಒದ್ದ, ನಾನು ಬಿಡಲಿಲ್ಲ. ಎಳೆದಾಟದಲ್ಲಿ ಅವನಿಗೆ ಕೊಡಲಿ ಸಿಕ್ಕಿತು, ತಿರುಗಿಸಿ ಹಿಂಬದಿಯಿಂದ ನನ್ನ ಎಡಗೈಗೆ ಹೊಡೆದ. ಬಾಯಿ ಕಡೆಯಿಂದ ಹೊಡೆದಿದ್ದರೆ ಕೈ ತೋಡಿನಲ್ಲಿ ಬೀಳುತ್ತಿತ್ತು, ಅಷ್ಟು ಮಟ್ಟಿಗೆ ಅವನು ನೋಡಿಯೇ ಹೊಡೆದದ್ದು. ಎಲುಬು ಎರಡಾದದ್ದು ನನಗೆ ಗೊತ್ತಾಯಿತು. ಸಂಕದ ಬುಡದಲ್ಲಿ ಮುರಕಲ್ಲಿನ ತುಂಡು ಬಿದ್ದಿತ್ತು. ಬಲಗೈಯಲ್ಲಿ ಅದನ್ನೆತ್ತಿ ಅವನ ಮುಖಕ್ಕೆ ಹೊಡೆದೆ. ಕಲ್ಲಿನ ಕೆಲಸದ ಕೈ, ಗುರಿ ತಪ್ಪಲಿಲ್ಲ. ಅವನು ಮುಖ ಹಿಡಿದುಕೊಂಡು ತೋಡಿಗೆ ಬಿದ್ದ. ಮೊಣಕಾಲುದ್ದದ ನೀರು ಕೆಂಪಾಯಿತು.

ಆಚೆ ದಡದಿಂದ ಒಬ್ಬರೂ ಕೆಳಗೆ ಇಳಿಯಲಿಲ್ಲ. ಬೈಕಿನ ಮೇಲೆ ಕೂತವನು ಹೇಳಿದ, "ಬೇಗ ಮುಗ್ಸಿನಿ ಮರ್ರೆ, ಬಿಸ್ಲ್ ಏರ್ತಿತ್ತ್."

ಆ ಮಾತು ಮುಗಿಯುವಾಗ ಹಾಡಿಯ ಒಳಗಿನಿಂದ ಒಂದು ಸದ್ದು ಶುರುವಾಯಿತು. ಮರ ಕೊಯ್ಯುವ ಮೆಷಿನ್ನಿನದ್ದು. ಹೊಡೆದಾಟ ತಾನಾಗಿಯೇ ನಿಂತಿತು. ಎಲ್ಲರೂ ಆ ಕಡೆ ತಿರುಗಿದರು.

ಅಣ್ಣ ನೀರಿನಲ್ಲಿ ಕೂತಿದ್ದ. ಬೆರಳ ಸಂದಿನಿಂದ ರಕ್ತ ಇಳಿಯುತ್ತಿತ್ತು. "ಅದೆಂತ ಶಬ್ದ?" ಎಂದು ಕೇಳಿದ.

ಹಲ್ಲು ಕಳೆದುಕೊಂಡವನು ರಕ್ತ ಉಗುಳಿ ಹೇಳಿದ, "ಕುಂದಾಪ್ರದಿಂದ ಮೆಷಿನ್ ಬಂದಿತ್ತ್ ಕಾಣಿ. ನಿಮ್ಮ ಹಕ್ಕ್ ಕೊಯ್ತಿತ್ತ್."

ನಾವು ಯಾರೂ ಬರುವುದಿಲ್ಲ ಎಂಬ ಸುದ್ದಿ ಗೊತ್ತಿದ್ದ ದೊಡ್ಡಮನೆಯವರು ಗರ್ನಾಲು ಹೊಡೆಯುವ ಮೊದಲೇ ಫೋನ್ ಮಾಡಿ ಮೆಷಿನ್ನಿನವನನ್ನು ಕರೆಸಿದ್ದರಂತೆ. ಗರ್ನಾಲು ಹೊಡೆದದ್ದು ಬರೀ ರೂಢಿಗೆ. ಮರ ಬೀಳುವ ಸದ್ದು ಕೇಳಿದಾಗ ಅಣ್ಣ ಏಳಲಿಕ್ಕೆ ನೋಡಿದ, ಮತ್ತೆ ಬಿದ್ದ. ನನ್ನ ಒಂದು ಕೈ ಜೋತಾಡುತ್ತಿತ್ತು. ಇನ್ನೊಂದು ಕೈಯನ್ನು ಅವನ ಕಂಕುಳಿಗೆ ಹಾಕಿ ಎಳೆದು ದಡಕ್ಕೆ ತಂದವನು ನಾನೇ. ಅವನು ಎಳೆಯುವ ಕೈಗೆ ಕಚ್ಚಿದ.

ಕುಂದಾಪುರದ ಆಸ್ಪತ್ರೆಯಲ್ಲಿ ಇಬ್ಬರಿಗೂ ಸಿಕ್ಕಿದ್ದು ಅಕ್ಕಪಕ್ಕದ ಮಂಚ. ನನ್ನ ಕೈಗೆ ಪ್ಲಾಸ್ಟರು, ಅವನ ಬಲಗಣ್ಣಿಗೆ ಬ್ಯಾಂಡೇಜು. ಕಣ್ಣು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಮ್ಮ ನಡುವಿನ ಸ್ಟೂಲಿನಲ್ಲಿ ಕೂತು ಒಂದು ತುತ್ತು ಆ ಕಡೆ, ಒಂದು ತುತ್ತು ಈ ಕಡೆ ಉಣ್ಣಿಸುತ್ತಿದ್ದಳು.

ಮಾರನೇ ದಿನ ಹೇಳಿಕೆ ಬರೆದುಕೊಳ್ಳಲಿಕ್ಕೆ ಪೊಲೀಸ್ ಸಾಹೇಬರು ಬಂದರು. ಅವರ ಹಿಂದೆಯೇ ದೊಡ್ಡಮನೆಯ ಎರಡನೇ ಮಗ ಬಂದ, ಕೈಯಲ್ಲಿ ಸೀಯಾಳ. ನಮ್ಮ ಕಡೆಯವರು ದೊಡ್ಡಮನೆಯ ಮೇಲೆ ಜೀತದ ಕಂಪ್ಲೇಂಟು ಕೊಟ್ಟಿದ್ದರು. ಅದು ಗಟ್ಟಿಯಾಗಿ ನಿಂತರೆ ಅವರ ಮನೆಯವರು ಒಳಗೆ ಹೋಗಬೇಕಾಗುತ್ತಿತ್ತು. ನಿಲ್ಲುವುದು, ಬೀಳುವುದು ಅಣ್ಣನ ಬಾಯಿಯಲ್ಲಿತ್ತು.

ಎರಡನೇ ಮಗ ಸೀಯಾಳವನ್ನು ಅಣ್ಣನ ತಲೆ ಹತ್ತಿರ ಇಟ್ಟ. ಸಾಹೇಬರಿಗೆ ಹೇಳಿದ, "ಎಂತ ಇಲ್ಲೆ ಸರ್. ಅಣ್ಣ ತಮ್ಮ ಕುಡ್ಕಂಡ್ ಮಾಡ್ಕಂಡ ಗಲಾಟೆ. ಮೂಲದ ಆಳ್ ಅಂಬುದೆಲ್ಲ ಈಗ ಎಲ್ಲಿತ್ತ್? ಇವನ ನಾವ್ ಕರಿಲೂ ಇಲ್ಲೆ. ಇವ ನಮ್ಮ ಆಳೇ ಅಲ್ಲ."

ಅಣ್ಣ ಇದ್ದ ಒಂದು ಕಣ್ಣನ್ನು ಅವನ ಕಡೆ ತಿರುಗಿಸಿದ. "ಎಂತ ಹೇಳ್ದಿರಿ?"

"ಹೌದಪ್ಪಾ, ಹಾಂಗೇ ಹೇಳ್. ಕುಡ್ದಿದ್ದೆ, ಜಗ್ಳ ಆಯ್ತ್ ಅಂತ. ಎಲ್ಲರಿಗೂ ಒಳ್ಳೇದ್. ನಿನ್ನ ತಮ್ಮಂಗೂ."

ಆ ಹೊತ್ತಿಗೆ ಅವನು ಹಾಗೆ ಹೇಳಿಬಿಡಲಿ ಎಂದು ಅಮ್ಮನಿಗೆ ಇತ್ತು. ಹೇಳಿದ್ದರೆ ಇಬ್ಬರು ಮಕ್ಕಳೂ ಮನೆಗೆ ಬರುತ್ತಿದ್ದರು. ನನಗೆ ಮಾತ್ರ ಅವನು ಹಾಗೆ ಹೇಳಿದರೆ ಇನ್ನೊಂದು ಕಣ್ಣೂ ಹೋದಂತೆಯೇ ಎಂದು ಕಾಣುತ್ತಿತ್ತು.

ಸಾಹೇಬರು ಕೇಳಿದರು, "ಕುಡಿದಿದ್ದಿರಾ?"

ಅಣ್ಣ ಎದ್ದು ಕೂತ. "ಸ್ವಾಮಿ, ನಾನ್ ಕುಡಿಲಿಲ್ಲೆ. ಮಿಂದ್ಕಂಡ್, ಒಗ್ದ ಪಂಚೆ ಉಟ್ಕಂಡ್ ಹೋದವ. ಮರ ಕಡುಕೆ ಹೋದ್ದ್. ಅವ್ರಜ್ಜನ ಚಿತೆಗೆ ನಮ್ಮಜ್ಜ ಕಡ್ದದ್ದ್, ಅವ್ರಜ್ಜಿ ಚಿತೆಗೆ ನಮ್ಮಪ್ಪ ಹೋಪ್ಕೆ ತಡ ಆಯ್ತಂತ ತೆಂಗಿನ ಮರಕ್ಕೆ ಕಟ್ಟಿ ಹೊಡ್ದಿದ್ರ್. ಅವ್ರ ದೊಡ್ಡಪ್ಪಂಗೆ ನಾನೇ ಕಡ್ದಿದ್ದೆ. ಒಂದ್ ಕಾಸ್ ಮುಟ್ಲಿಲ್ಲೆ. ಅದೆಲ್ಲ ಬರ್ಕಣಿ. ನಾನ್ ಅವ್ರ ಆಳ್ ಅಲ್ಲ ಅಂತ ಯಾರ್ ಹೇಳೂದ್?"

ಎರಡನೇ ಮಗ ಸಾಹೇಬರ ಕಡೆ ಬಗ್ಗಿದ. "ಅವಂಗೆ ಪೆಟ್ಟ್ ತಲೆಗ್ ಆಯಿತ್ತ್ ಸರ್," ಎಂದ.

"ತಲೆಗ್ ಆಗ್ಲಿಲ್ಲೆ, ಕಣ್ಣಿಗ್ ಆದ್ದ್," ಎಂದ ಅಣ್ಣ. ಸೀಯಾಳವನ್ನೆತ್ತಿ ಗೋಡೆಗೆ ಹೊಡೆದ. ನೀರು ಅಮ್ಮನ ಸೀರೆಯ ಮೇಲೆಲ್ಲ ಚೆಲ್ಲಿತು.

"ಕಣ್ಣಿಗೆ ಹೊಡೆದವರು ಯಾರು?" ಎಂದು ಸಾಹೇಬರು ಕೇಳಿದರು.

ಅವನು ನನ್ನ ಕಡೆ ಕೈ ಮಾಡಿದ. "ಇವ. ನನ್ನ ತಮ್ಮ. ಅದನ್ನೂ ಬರ್ಕಣಿ."

"ಹೌದು, ನಾನೇ ಹೊಡೆದದ್ದು," ಎಂದೆ ನಾನು. ನನ್ನ ಕೈ ಮುರಿದವರು ಯಾರು ಎಂದು ಕೇಳಿದಾಗ ಅವನು ನನಗಿಂತ ಮೊದಲೇ "ನಾನೇ" ಎಂದ. ಸಾಹೇಬರು ಬರೆಯುವುದನ್ನು ನಿಲ್ಲಿಸಿ ನಮ್ಮಿಬ್ಬರ ಮುಖವನ್ನು ನೋಡಿದರು, ಆಮೇಲೆ ಮತ್ತೆ ಬರೆದರು.

ಆ ಹೇಳಿಕೆಯಿಂದ ದೊಡ್ಡಮನೆಯ ಮೇಲಿನ ಕೇಸು ಗಟ್ಟಿಯಾಗಿ ನಿಂತಿತು. ಅದೇ ಹೇಳಿಕೆಯಿಂದ ನಾನೂ, ಅಣ್ಣನೂ ಜೈಲು ಕಂಡೆವು. ಜಾಮೀನಿನಲ್ಲಿ ಹೊರಗೆ ಬರುವಾಗ ಊರು ಹರಿದು ಹೋಗಿತ್ತು. ನಮ್ಮ ಕಡೆಯವರ ಹುಲ್ಲಿನ ಕುತ್ತರಿಗೆ ಬೆಂಕಿ ಬಿತ್ತು. ನಮ್ಮವರು ಹೋಗಿ ಆ ಕಡೆಯವರ ಫಲಕ್ಕೆ ಬಂದ ತೆಂಗಿನ ಗಿಡಗಳ ಸುಳಿ ಕಡಿದರು. ಅವರು ಬಂದು ನನ್ನ ಟಿಪ್ಪರಿನ ಟಯರು ಸೀಳಿದರು. ಈಜು ಕಲಿಸಿದ ಮುದುಕ ಆ ಪೆಟ್ಟಿನಿಂದ ಏಳಲೇ ಇಲ್ಲ, ಮಳೆಗಾಲ ಮುಗಿಯುವ ಮೊದಲು ಹೋದ. ಅವನ ಹೆಣ ಹೊರಲಿಕ್ಕೆ ನಮ್ಮ ಕಡೆಯಿಂದ ಯಾರೂ ಹೋಗಲಿಲ್ಲ, ಹೋದರೂ ಅವರು ಬಿಡುತ್ತಿರಲಿಲ್ಲ. ಬ್ರಹ್ಮಾವರದ ಕಡೆಗೆ ಮಾತಾಗಿದ್ದ ನನ್ನ ಅಣ್ಣನ ಮಗಳ ಸಂಬಂಧ ಮುರಿಯಿತು, ಗಂಡಿನವರು ನಮ್ಮ ಕಡೆಗೆ ಬೇಕಾದವರು. ಹೆಂಗಸರು ಒಂದೇ ಬಾವಿಯಲ್ಲಿ ಬೇರೆ ಬೇರೆ ಹಗ್ಗ ಇಟ್ಟುಕೊಂಡರು. ದೊಡ್ಡಮನೆಯವರು ಕೋರ್ಟಿಗೆ ಹೆದರಿ ನಮ್ಮ ಜನ ಯಾರನ್ನೂ ಗದ್ದೆಗೆ ಇಳಿಸುವುದಿಲ್ಲ ಎಂದರು, ಸಸಿ ನೆಡುವ ನಟ್ಟಿಗೂ ಮೆಷಿನ್ ತರಿಸಿದರು. ಬಿಡುಗಡೆ ಬೇಕೆಂದವರಿಗೂ ಕೆಲಸ ಇಲ್ಲ, ಬೇಡವೆಂದವರಿಗೂ ಕೆಲಸ ಇಲ್ಲ. ನಮ್ಮ ಕಡೆಯವರಿಗೆ ನನ್ನ ಕೋರೆ ಇತ್ತು. ಅಣ್ಣನಿಗೆ ಏನೂ ಇರಲಿಲ್ಲ.

ಅವನು ಮನೆಗೆ ಬೀಗ ಹಾಕಿ ಹೆಂಡತಿ, ಮಗಳನ್ನು ಕರೆದುಕೊಂಡು ಉಪ್ಪುಂದದಲ್ಲಿರುವ ತಂಗಿಯ ಮನೆಗೆ ಹೋದ. ತಂಗಿಯ ಗಂಡ ಮೀನಿನ ಲೋಡು ಮಾಡುವವನು, ಅವನ ಜೊತೆ ಐಸ್ ಒಡೆಯುವ ಕೆಲಸಕ್ಕೆ ಸೇರಿಕೊಂಡ. ಒಂದು ಕಣ್ಣಿನಲ್ಲಿ ಆ ಕೆಲಸ ಸುಲಭ ಅಲ್ಲ, ಸುತ್ತಿಗೆ ಎಲ್ಲಿ ಬೀಳುತ್ತದೆ ಎಂದು ಅಂದಾಜು ಸಿಗುವುದಿಲ್ಲ. ಬೆರಳು ಜಜ್ಜಿಕೊಂಡಿದ್ದಾನೆ ಎಂದು ತಂಗಿ ಫೋನ್ ಮಾಡಿದಳು. ಅಮ್ಮ ನನ್ನ ಹತ್ತಿರ ಮಾತು ಬಿಟ್ಟಳು.

ಕಳೆದ ವರ್ಷ ನಾನು ಉಪ್ಪುಂದಕ್ಕೆ ಹೋದೆ. ನಾನಾಗಿ ಹೋದದ್ದು, ಯಾರೂ ಕಳಿಸಲಿಲ್ಲ. ಅವನು ಬಗ್ಗಿ ಐಸಿನ ಹಲಗೆಯ ಮೇಲೆ ಸುತ್ತಿಗೆ ಹೊಡೆಯುತ್ತಿದ್ದ. ಕೈ ನೀಲಿಗಟ್ಟಿತ್ತು. ನನ್ನನ್ನು ನೋಡಿಯೂ ನಿಲ್ಲಿಸಲಿಲ್ಲ.

"ಅಣ್ಣಾ, ಕೋರೆಗ್ ಬಾ. ಲೋಡಿನ ಲೆಕ್ಕ ಕಾಣ್ಕಂಡ್ ಕೂಕಂಡಿರ್. ಕಲ್ಲ್ ಹೊರುಕಿಲ್ಲೆ. ತಿಂಗ್ಳಿಗ್ ಇಂತಿಷ್ಟ್ ಅಂತ ಕೊಡ್ತೆ."

"ಕೊಡ್ತ್ಯಾ?"

"ಹೌದ್. ಅಮ್ಮಂಗೂ ಸಮಾಧಾನ ಆತ್ತ್."

ಅವನು ಸುತ್ತಿಗೆಯನ್ನು ನೆಲಕ್ಕೆ ಊರಿ ನಿಂತ. "ನಿನ್ನ ಹತ್ರ ಕೆಲ್ಸಕ್ಕಿದ್ದವ್ರ್ ನಿನ್ನ ಎಂತ ಕರಿತ್ರ್?"

ಅವರು ನನ್ನನ್ನು ಧಣಿ ಎಂದು ಕರೆಯುತ್ತಾರೆ. ಹಾಗೆ ಕರೆಯಿರಿ ಎಂದು ನಾನು ಹೇಳಿಕೊಟ್ಟದ್ದಲ್ಲ, ಬೇಡ ಎಂದೂ ಹೇಳಿದ್ದಿಲ್ಲ.

"ಅಷ್ಟ್ ವರ್ಷ ಒಬ್ರ ಆಳಾಯಿ ಇದ್ದೆ," ಎಂದ ಅಣ್ಣ. "ಒಂದ್ ಕಣ್ಣ್ ಹೋಯ್ತ್. ಇನ್ನೊಂದ್ ನಿಂಗೆ ಕೊಡ್ತಿಲ್ಲೆ."

ಆಳು ಎಂಬ ಮಾತನ್ನು ಅವನು ದುಡಿದ ಮನೆಯ ಲೆಕ್ಕ ಹೇಳುವಾಗಲೆಲ್ಲ ಎದೆ ಉಬ್ಬಿಸಿ ಹೇಳುತ್ತಿದ್ದ. ಈ ಸಲ ಉಗುಳಿದ ಹಾಗೆ ಹೇಳಿದ. ಆ ಮಾತು ಅವನ ಬಾಯಿಂದ ಹಾಗೆ ಬರಲಿ ಎಂದೇ ನಾನು ಕೈ ಮುರಿಸಿಕೊಂಡದ್ದು, ಅವನ ಕಣ್ಣು ತೆಗೆದದ್ದು. ಈಗ ಬಂತು, ಬಂದದ್ದು ನನ್ನ ಮುಖದ ಮೇಲೆ. ನನಗೆ ಮೈ ಉರಿಯಿತು. ಅಂಗಿ ಹಿಡಿದು ಎಳೆದು ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಒಂದು ಹೆಜ್ಜೆ ಮುಂದೆ ಇಟ್ಟದ್ದೂ ಹೌದು. ಅವನು ಸುತ್ತಿಗೆಯನ್ನು ತಲೆಯ ಮೇಲಕ್ಕೆ ಎತ್ತಿದ. ತಂಗಿಯ ಗಂಡ ಬುಟ್ಟಿ ಬಿಟ್ಟು ಓಡಿ ಬಂದ.

ಸುತ್ತಿಗೆ ಐಸಿನ ಮೇಲೆ ಬಿತ್ತು.

"ಅತ್ಲಾಗ್ ನಿಲ್," ಎಂದ ಅಣ್ಣ, ಮುಖ ಎತ್ತದೆ. "ಚೂರ್ ಹಾರಿ ಕಣ್ಣಿಗ್ ಬೀಳತ್ತ್."

ನಾನು ಅತ್ತ ಸರಿದು ನಿಂತೆ. ಅವನು ಆ ಹಲಗೆ ಪೂರ್ತಿ ಒಡೆಯುವವರೆಗೂ ನಿಂತಿದ್ದೆ. ಆಮೇಲೆ ಅವನು ಇನ್ನೊಂದು ಹಲಗೆ ಎಳೆದುಕೊಂಡ, ನಾನು ಬಸ್ಸಿಗೆ ಬಂದೆ.